ಮಂಗಳ ಕಂಡ ರಾತ್ರಿಯ ಮೋಡ

ಪಿರಿಯಾಪಟ್ಟಣ ತಾಲ್ಲೂಕು
೨ ಸೆಪ್ಟೆಂಬರ್ ೨೦೦೩

ಉಮಾಶಂಕರ ಮೇಷ್ಟ್ರಿಗೆ ಜವರಮ್ಮನ ನಮಸ್ಕಾರ.

ಪೇಪರಿನಲ್ಲಿ ನಿಮ್ಮ ಫೋಟೋ ನೋಡಿದೆ. ಮಂಗಳ ಗ್ರಹ ನೋಡಲು ಶಾಲೆಯ ಬಯಲಿನಲ್ಲಿ ಇನ್ನೂರು ಜನ ಸೇರಿದ್ದರಂತೆ. ದೂರದರ್ಶಕವನ್ನು ನೀವೊಬ್ಬರೇ ಮಾಡಿದಿರಿ ಎಂದು ಬರೆದಿದ್ದಾರೆ.

ಆ ಸಂಜೆ ನೀವು ಫೋನ್ ಮಾಡಿ, "ಪೂರ್ತಿ ಮೋಡ ಕಣಮ್ಮ, ಬರ್ಬೇಡ" ಅಂದಿದ್ದಿರಿ. ನಮ್ಮ ಅಂಗಳಕ್ಕೆ ಮಂಗಳ ಕೆಂಡದ ಹಾಗೆ ಕಾಣುತ್ತಿತ್ತು. ನಿಮ್ಮ ಕಡೆ ಮಾತ್ರ ಮೋಡವಿರಬೇಕು ಎಂದು ನಂಬಿದೆ.

ಏಳು ತಿಂಗಳು ನಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ, ಆ ದೂರದರ್ಶಕದ ಗಾಜನ್ನು ಡ್ರಮ್ಮಿನ ಮೇಲಿಟ್ಟು, ಸುತ್ತ ಸುತ್ತುತ್ತಾ ಉಜ್ಜಿ ಕನ್ನಡಿ ಮಾಡಿದವಳು ನಾನು. "ಇದ್ಯಾವ ದ್ಯಾವ್ರಿಗೆ ಪರ್ದಕ್ಸಿಣೆ ಕಣವ್ವಾ?" ಎಂದು ಅವ್ವ ನಗುತ್ತಿದ್ದಳು. ಅದರಲ್ಲಿ ಶನಿಯ ಬಳೆ ಕಂಡ ದಿನ ಅವಳೂ ಕೈಮುಗಿದಳು.

ಆಕಾಶ ನೋಡಲು ಕಲಿಸಿದವರು ನೀವು. ಆ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ. ಆದರೆ ಕಲಿಸಿದವರೇ ಆಕಾಶದ ವಿಷಯದಲ್ಲಿ ಸುಳ್ಳು ಹೇಳಿದಿರಲ್ಲ, ಮೇಷ್ಟ್ರೇ.

ಒಂದು ಕೆಲಸದ ಮಾತು. ಕನ್ನಡಿಯ ಹೊಳಪಿನ ಲೇಪ ಮಾಸಿ, ಮತ್ತೆ ಬಳಿಯಲು ಅದನ್ನು ಬಿಚ್ಚಬೇಕಾದಾಗ ನೀವೇ ಬಿಚ್ಚಿ, ಇನ್ನೊಬ್ಬರ ಕೈಗೆ ಕೊಡಬೇಡಿ. ಗಾಜು ಉಜ್ಜಿ ಉಳಿದ ಪುಡಿಯಿಂದ ಅದರ ಬೆನ್ನಿಗೆ ಎರಡು ಹೆಸರು ಕೊರೆದಿದ್ದೆ. ಯಾರಾದರೂ ಓದಿದರೆ ನಿಮಗೆ ಮುಜುಗರ.

ಮೊದಲನೆಯದು ನಿಮ್ಮ ಹೆಸರೇ.

ಇಂತಿ,
ಜವರಮ್ಮ