ಏಳನೇ ನಂಬರಿನ ಕೌದಿಯ ಮೂಲೆ

೧೪ ಆಗಸ್ಟ್ ೨೦೦೬, ಸೋಮವಾರ. ಹಿಂದೂಪುರ

ಕೊಟ್ಟ ಮಾತು:

ಕೌದಿಗಳನ್ನು ತೊಳೆಯುವುದಿಲ್ಲ, ಕೈಯಲ್ಲೇ ದುರಸ್ತಿ. ಮೂರು ತಿಂಗಳಲ್ಲಿ ವಾಪಸ್. ಪ್ರದರ್ಶನದಲ್ಲಿ ಪ್ರತಿ ಕೌದಿಯ ಪಕ್ಕ ಹೊಲಿದವಳ ಹೆಸರು, ಊರು. ಗಾರ್ಮೆಂಟ್ಸಿನಿಂದ ಬರುವ ಚಿಂದಿಯಲ್ಲಿ ಅರ್ಧ ಕಲ್ಯಾಣದುರ್ಗದ ಸಂಘಕ್ಕೆ.

ಆದದ್ದು:

ತೊಳೆಸಿದರು. ಮಷಿನ್ನಿಗೆ ಹಾಕಿ. ಹೆಸರಿನ ಚೀಟಿಗಳು ನೀರಲ್ಲಿ ಮುದ್ದೆಯಾಗಿ ಹೋದವು. ಐದು ತಿಂಗಳಾಯಿತು, ಒಂದೂ ವಾಪಸ್ ಹೋಗಿಲ್ಲ. ಚಿಂದಿಯ ಒಂದು ಮೂಟೆಯೂ ಪೆನುಕೊಂಡ ದಾಟಿಲ್ಲ. ಹೆಸರಿದ್ದ ಕಡೆ ಈಗ ನಂಬರು, ಒಂದರಿಂದ ಹನ್ನೊಂದು. ಬೋರ್ಡಿಗೆ ಬರೆಸಿರುವುದು ‘ಅನಾಮಧೇಯ ಗ್ರಾಮೀಣ ಮಹಿಳೆ’.

ಅನಾಮಧೇಯಳಂತೆ. ಹೆಸರು ಅಳಿಸಿದ ಕೈಯೇ ಬೋರ್ಡೂ ಬರೆಸುತ್ತದೆ.

ಮಾತು ಕೊಟ್ಟವನು ಕರಕುಶಲ ಕೇಂದ್ರದ ಡೈರೆಕ್ಟರ್ ಲಕ್ಷ್ಮೀಕಾಂತ್. ಆದರೆ ಆ ಮಾತನ್ನು ಹೊತ್ತುಕೊಂಡು ಕಲ್ಯಾಣದುರ್ಗದ ಕಡೆಯ ಹಳ್ಳಿ ಹಳ್ಳಿ ತಿರುಗಿದವಳು ನಾನು. ಹನ್ನೊಂದು ಹೆಂಗಸರು ಹೊದೆಯುತ್ತಿದ್ದ ಕೌದಿಯನ್ನೇ ಮಡಿಸಿ ಕೈಗಿಟ್ಟರು. ಅವನನ್ನು ಅವರು ಕಂಡೇ ಇಲ್ಲ. ನನ್ನ ಮುಖ ನೋಡಿ ಕೊಟ್ಟಿದ್ದು.


೧೭ ಆಗಸ್ಟ್, ಗುರುವಾರ. ಮಧ್ಯಾಹ್ನ

ಸಿಟ್ಟಿದ್ದರೂ ಕೇಂದ್ರದ ಈ ದುರಸ್ತಿ ಕೆಲಸ ಬಿಡುವ ಹಾಗಿಲ್ಲ. ಬಿಟ್ಟರೆ ಇನ್ನಾರದೋ ಕೈಗೆ ಹೋಗುತ್ತವೆ.

ಇವತ್ತು ಏಳನೇ ನಂಬರು. ನಡುವೆ ಹಿಟ್ಟಿನ ಚೀಲದ ತುಂಡು, ಅದರ ಮೇಲೆ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ. ಸುತ್ತ ನೀಲಿ, ಕೆಂಪು, ಅಕ್ಕಿ ಕಾಳಿನಷ್ಟು ಸಣ್ಣ ಹೊಲಿಗೆ. ಬಟ್ಟೆ ಜೀರ್ಣವಾಗಿದೆ, ಸೂಜಿ ಚುಚ್ಚಿದರೆ ಪುಡಿ. ಕೆಳಗೆ ತೆಳು ಮಲ್ ಬಟ್ಟೆ ಕೊಟ್ಟು ಹಿಡಿಸಿದೆ. ದಾರವನ್ನು ಟೀ ಡಿಕಾಕ್ಷನ್ನಿನಲ್ಲಿ ಕುದಿಸಿಕೊಂಡಿದ್ದೆ. ಹಳೆಯ ದಾರ ಯಾವುದು, ನನ್ನದು ಯಾವುದು, ನನಗೇ ಗೊತ್ತಾಗದು.

ಒಂದು ಮೂಲೆ ಗಂಟಾಗಿ ಉಬ್ಬಿತ್ತು. ಬಿಚ್ಚಿದೆ. ಜಿಡ್ಡುಗಟ್ಟಿ ಕಪ್ಪಾದ ಬಟ್ಟೆಯ ಗಂಟು, ಹೆಬ್ಬೆರಳಿನಷ್ಟು. ಮಷಿನ್ನೂ ಬಿಡಿಸಲಾಗದ ಕೊಳೆ. ಒಳಗೆ ಹುಳು ತಿಂದ ಯಾವುದೋ ಐದು ಕಾಳು. ತೆಗೆದು ಚಿಂದಿ ಮೂಟೆಗೆ ಎಸೆದೆ. ಹೊಸ ತುಂಡು ತುಂಬಿ ಮುಚ್ಚಿದೆ. ಮೂಲೆ ಈಗ ಸಮತಟ್ಟು. ಒಳ್ಳೆ ಕೆಲಸ.

ಪಕ್ಕದಲ್ಲಿ ಪೆದ್ದಕ್ಕ. ಸೋಮಂದೇಪಲ್ಲಿಯಿಂದ ದಿನಾ ಬಸ್ಸಲ್ಲಿ ಬರುವವಳು, ನನ್ನ ಜೊತೆ ಹತ್ತು ವರ್ಷದಿಂದ ಸಂಘದಲ್ಲಿ. ಟೀ ಶರ್ಟಿನ ಚಿಂದಿ ಕತ್ತರಿಸುತ್ತಿದ್ದಳು. ಹಿಗ್ಗುವ ಬಟ್ಟೆ ಕೌದಿಗೆ ಆಗುವುದಿಲ್ಲ, ದಿಂಬಿಗೆ ತುಂಬಬೇಕು. ಡೈರೆಕ್ಟರ್ ಸಾರಿನ ಮೀಟಿಂಗ್ ರೂಮಿಗೆ ಹನ್ನೆರಡು ದಿಂಬು ಬೇಕಂತೆ. ನಮ್ಮ ಬೆನ್ನು ನೋಯೋದಕ್ಕೆ ದಿಂಬಿಲ್ಲ, ಅವನ ಕುಂಡೆಗೆ ಹನ್ನೆರಡು ಅಂದಳು. ನಕ್ಕೆ.


೨೯ ಆಗಸ್ಟ್, ಮಂಗಳವಾರ

ಗೊತ್ತಾಯಿತು. ಸೆಪ್ಟೆಂಬರ್ ಇಪ್ಪತ್ತಕ್ಕೆ ಕೌದಿಗಳು ಹೈದರಾಬಾದಿನ ಒಂದು ಹೋಟೆಲಿಗೆ. ಗೋಡೆಗೆ, ಗಾಜಿನ ಹಿಂದೆ. ‘ವಿಂಟೇಜ್’ ಅಂತೆ.

ಲಕ್ಷ್ಮೀಕಾಂತನ ರೂಮಿಗೆ ನುಗ್ಗಿದೆ. ಕೂರು ಅಂದ. ಕೂರಲಿಲ್ಲ. ಯಾರ ಕೌದಿಯನ್ನು ಯಾರು ಯಾರಿಗೆ ಕಳಿಸೋದು ಅಂತ ಕೇಳಿದೆ. ಅವನು ತಣ್ಣಗೆ ತೆಲುಗಲ್ಲಿ ಶುರು ಮಾಡಿದ. ಚೀಟಿ ಹೋಗಿವೆ, ತಪ್ಪಾಗಿದೆ, ಒಪ್ಪುತ್ತೇನೆ. ಈಗ ಯಾವುದು ಯಾರದ್ದೆಂದು ಹೇಗೆ ಹೇಳುವುದು? ಒಬ್ಬರದ್ದು ಇನ್ನೊಬ್ಬರಿಗೆ ಹೋದರೆ ಜಗಳ ಆಗುವುದಿಲ್ಲವೇ?

ಮೇಲಿನ ಬಣ್ಣ, ತೇಪೆ ನೋಡಿ ಅವರೇ ಗುರುತಿಸುತ್ತಾರೆ ಅಂದೆ. ಮೇಲೆ ಕಾಣುವುದನ್ನು ಯಾರಾದರೂ ಹೇಳಬಹುದು ಅಂದ.

“ಬೈಟಿಕಿ ಕನಪಡನಿದಿ ಚೆಪ್ಪಮನಂಡಿ. ಹೊರಗೆ ಕಾಣದೇ ಇರೋದು ಹೇಳಲಿ. ಸರಿಹೋದರೆ ಅವತ್ತೇ ಕೊಟ್ಟು ಕಳಿಸ್ತೀನಿ.”

ಹನ್ನೊಂದಕ್ಕೂ ಬರೆದು ಕೊಡು ಅಂದೆ. ಕೊಟ್ಟ, ಸಹಿ ಹಾಕಿ. ನಾವು ಹೇಳಲಾರೆವು ಅನ್ನುವ ಧೈರ್ಯ ಅವನಿಗೆ. ಹೆಂಗಸರನ್ನು ಕರೆಸಿ ಕೇಳುವ ಮೀಟಿಂಗಿನ ದಿನ ಆಮೇಲೆ ತಿಳಿಸುತ್ತಾನಂತೆ.


೨ ಸೆಪ್ಟೆಂಬರ್, ಶನಿವಾರ. ಕಲ್ಯಾಣದುರ್ಗ

ಮೂರು ಬಸ್ಸು ಬದಲಾಯಿಸಿ ಬಂದೆ. ಸಂಘದ ಕೊಠಡಿಯಲ್ಲಿ ಹನ್ನೊಂದರಲ್ಲಿ ಒಂಬತ್ತು ಜನ. ಬೈಸಿಕೊಳ್ಳಲು ಸಿದ್ಧವಾಗಿ ಬಂದಿದ್ದೆ. ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

ಹೊರಗೆ ಕಾಣದ ಗುರುತು ಏನಿದೆ ಅಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಬ್ರಹ್ಮಸಮುದ್ರದ ಕೃಷ್ಣವೇಣಿ ಬಾಯಿಬಿಟ್ಟಳು. ತವರುಮೂಲೆ.

ಮೊದಲ ದಾರ ಹಾಕುವ ಮೂಲೆಯೊಳಗೆ ತವರಿನ ಬಟ್ಟೆಯ ಚೂರು, ತವರು ಹೊಲದ ಕಾಳು ಇಟ್ಟು ಹೊಲಿಯುತ್ತಾರೆ. ಏನಿಟ್ಟೆ ಎಂದು ಗಂಡನಿಗೂ ಹೇಳುವುದಿಲ್ಲ. ಮೇಲಿನ ಪದರ ಸವೆದರೆ ಮತ್ತೊಂದು ಪದರ ಹೊಲಿಯಬಹುದು, ಆ ಮೂಲೆ ಮಾತ್ರ ಬಿಚ್ಚುವ ಹಾಗಿಲ್ಲ. ಹೊಲಿದವಳು ಸತ್ತ ದಿನ ಮಗಳೋ ಸೊಸೆಯೋ ಬಿಚ್ಚಿ, ಅದನ್ನು ಅವಳ ಮುಷ್ಟಿಗೆ ಕೊಟ್ಟು ಕಳಿಸುತ್ತಾರೆ.

ನಾನು ಹಿಂದೂಪುರದ ಪೇಟೆಯವಳು. ನಮ್ಮಲ್ಲಿ ಇದಿಲ್ಲ. ಇದಕ್ಕಿಂತ ಪ್ರೂಫ್ ಏನು ಬೇಕು! ಎಲ್ಲರ ಮೂಲೆಯನ್ನೂ ಅವನ ಎದುರೇ ಬಿಚ್ಚೋಣ ಅಂದೆ. ಎಂಟು ಜನ ತಡವರಿಸಿ ಒಪ್ಪಿದರು. ಬೆಳುಗುಪ್ಪದ ಚೌಡಕ್ಕ ಒಪ್ಪಲಿಲ್ಲ. ಎಪ್ಪತ್ತು ದಾಟಿದವಳು. ಎಲೆಅಡಿಕೆ ಒಂದು ದವಡೆಗೆ ಸರಿಸಿ ಹೇಳಿದಳು:

“ನಾನೇನ್ ಸತ್ತಿದೀನೇನಮ್ಮ, ಮೂಲೆ ಬಿಚ್ಚಾಕೆ?”

ನಾನು ಬಿಡಲಿಲ್ಲ. ಸಾರಾಯಿ ಅಂಗಡಿ ಮುಚ್ಚಿಸಿದ ದಿನಗಳಿಂದ ಕಲಿತ ಮಾತೆಲ್ಲ ತೆಗೆದೆ. ಇದು ಮೂಢನಂಬಿಕೆ ಅಂದೆ. ಸತ್ತ ಮೇಲೆ ಮುಷ್ಟಿಯಲ್ಲಿ ಏನಿದ್ದರೇನು, ಬದುಕಿರುವಾಗ ನಿನ್ನ ಹೆಸರು ಗೋಡೆಯ ಮೇಲೆ ಇಲ್ಲವಲ್ಲ ಅಂದೆ. ಸಾವಿಗೆ ಹೆದರಿದವರು ಹೋರಾಟಕ್ಕೆ ಬರಬಾರದು ಅಂತಲೂ ಅಂದೆ.

“ನಿಮ್ ಸಂಘದಾಗೆ ಸಾಯೋದೂ ಇಲ್ವೇನಮ್ಮ? ಇದ್ರೆ ನನ್ನೂ ಸೇರಿಸ್ಕೊ” ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಒಂದು ಗಂಟೆ ಹಿಡಿಯಿತು. ಕೊನೆಗೆ ಒಪ್ಪಿದಳು. ಒಪ್ಪಿದ ಮೇಲೆ ನನ್ನ ಕಿವಿಗಷ್ಟೇ ಹೇಳಿದಳು: ಅವಳ ಮೂಲೆಯಲ್ಲಿರುವುದು ಅವ್ವನ ಸೀರೆಯ ಹಸಿರು ಅಂಚು, ಬೆರಳಗಲ. ಅದರಲ್ಲಿ ಕಟ್ಟಿದ ಐದು ಸಜ್ಜೆ ಕಾಳು. ತವರಲ್ಲಿ ಈಗ ಯಾರೂ ಇಲ್ಲ. ಮನೆ ಬಿದ್ದು ಅದರ ಮೇಲೆ ರೋಡಾಗಿದೆ. ಉಳಿದಿರುವುದು ಆ ಚೂರೊಂದೇ.

ಬಸ್ ಸ್ಟ್ಯಾಂಡಿನವರೆಗೆ ಬಂದು ನನ್ನನ್ನು ಬಿಟ್ಟಳು. ನಿನ್ನ ಕೌದಿ ಹೇಗಿದೆ ಅಂತ ಕಿಟಕಿಯಿಂದ ಕೇಳಿದೆ. ಬಸ್ಸು ಹೊರಟಿತ್ತು.

“ನಡುವಾಗೆ ಹಿಟ್ಟಿನ ಚೀಲ ಹಾಕಿವ್ನಿ ಕಣಮ್ಮ. ಮ್ಯಾಲೆ ಇಂಗ್ಲೀಸು ಬರದೈತೆ.”


೭ ಸೆಪ್ಟೆಂಬರ್, ಗುರುವಾರ

ಐದು ದಿನ ಬರೆಯಲಿಲ್ಲ.

ಹದಿನೇಳನೇ ತಾರೀಖಿನ ಪುಟ ತೆಗೆದು ಓದಿದೆ. ‘ಒಳ್ಳೆ ಕೆಲಸ’ ಅಂತ ಬರೆದಿದ್ದೇನೆ. ನನ್ನದೇ ಅಕ್ಷರ.

ಚಿಂದಿ ಮೂಟೆ ಭಾನುವಾರವೇ ಹುಡುಕಿದೆ. ಖಾಲಿ. ಇವತ್ತು ಪೆದ್ದಕ್ಕನಿಗೆ ಹೇಳಿದೆ. ಕತ್ತರಿ ಕೆಳಗಿಟ್ಟಳು. ಮೂಟೆಯಲ್ಲಿದ್ದದ್ದೆಲ್ಲ ದಿಂಬಿಗೆ ಹೋಯಿತು ಅಂದಳು. ಹನ್ನೆರಡು ದಿಂಬು. ಎಂಟು ಮೀಟಿಂಗ್ ರೂಮಿನಲ್ಲಿ, ನಾಲ್ಕು ಸಾರಿನ ಸ್ವಂತ ರೂಮಿನಲ್ಲಿ. ಅದರಲ್ಲಿ ಒಂದು ಅವನ ಕುರ್ಚಿಯ ಮೇಲೆ.

ಊಟದ ಹೊತ್ತಿಗೆ, ಎಲ್ಲರೂ ಹೊರಗೆ ಹೋದಾಗ, ಎಂಟನ್ನೂ ಬಿಚ್ಚಿದೆವು. ಬನಿಯನ್ ಬಟ್ಟೆ, ಕಾಲರಿನ ಚೂರು, ಜೀನ್ಸಿನ ಅಂಚು. ನೆಲದ ತುಂಬ ಬಣ್ಣ. ಹೆಬ್ಬೆರಳಷ್ಟು ಕಪ್ಪು ಗಂಟು ಮಾತ್ರ ಇಲ್ಲ. ಮತ್ತೆ ತುಂಬಿ ಹೊಲಿದೆವು. ಅವಸರದಲ್ಲಿ ಎರಡು ಸಲ ಸೂಜಿ ಚುಚ್ಚಿಕೊಂಡೆ.

“ಹಂಗಾರೆ ಆ ಯಪ್ಪ ಕುಂತಿರಾದು ಚೌಡಕ್ಕನ ತವರಿನ ಮ್ಯಾಲೆ” ಅಂದಳು ಪೆದ್ದಕ್ಕ.

ಅವನ ರೂಮಿಗೆ ಸದಾ ಬೀಗ. ಅವನಿಲ್ಲದೆ ತೆಗೆಯುವುದಿಲ್ಲ.


೯ ಸೆಪ್ಟೆಂಬರ್, ಶನಿವಾರ

ಲೆಕ್ಕ ಸರಳ. ಮೂಲೆ ಬಿಚ್ಚುತ್ತಾರೆ. ಒಳಗೆ ನಾನು ತುಂಬಿದ ಹೊಸ ಗಾರ್ಮೆಂಟ್ಸ್ ಚಿಂದಿ ಸಿಗುತ್ತದೆ. ಚೌಡಕ್ಕ ಸುಳ್ಳಿ ಆಗುತ್ತಾಳೆ. ಹನ್ನೊಂದರಲ್ಲಿ ಒಂದು ಸುಳ್ಳಾದರೆ ಉಳಿದ ಹತ್ತನ್ನೂ ಅವನು ಸುಳ್ಳು ಅನ್ನುತ್ತಾನೆ. ಇಪ್ಪತ್ತಕ್ಕೆ ಲಾರಿ.

ನಾನು ಎದ್ದು ಹೇಳಿದರೆ? ಮೂಲೆಗೆ ಕೈಹಾಕಿದವರು ನೀವೇ, ಉಳಿದದ್ದರ ಒಳಗೂ ನೀವೇ ಇಟ್ಟಿರಬಹುದಲ್ಲ ಅನ್ನುತ್ತಾನೆ. ಸಂಘದ ಹೆಸರು ಮಣ್ಣು. ಹನ್ನೊಂದು ಹಳ್ಳಿಯಲ್ಲಿ ಇನ್ನು ನನಗೆ ಯಾರು ಬಾಗಿಲು ತೆಗೆಯುತ್ತಾರೆ...

ಪೆದ್ದಕ್ಕ ಮೆಲ್ಲಗೆ ಒಂದು ದಾರಿ ಹೇಳಿದಳು. ಹಸಿರು ಅಂಚು ಚಿಂದಿಯಲ್ಲಿ ಬೇಕಾದಷ್ಟಿದೆ. ಸಜ್ಜೆ ಅವಳ ಮನೆಯಲ್ಲೂ ಇದೆ.

ಮೊದಲು ಬೈದೆ. ಆಮೇಲೆ ಕೂತು ಮಾಡಿದೆ. ಮಾಡಿದೆ ಅಂತಲೇ ಬರೆಯುತ್ತೇನೆ. ಅಂಚನ್ನು ಡಿಕಾಕ್ಷನ್ನಿನಲ್ಲಿ ಕುದಿಸಿದೆ. ಎಣ್ಣೆ ಸವರಿ ಒಲೆಯ ಮಸಿಯಲ್ಲಿ ಉಜ್ಜಿದೆ. ಐದು ಕಾಳು ಕಟ್ಟಿದೆ. ಹೊಸದನ್ನು ಹಳೆಯದಾಗಿ ಕಾಣಿಸುವುದೇ ನನ್ನ ಕಸುಬು. ಐವತ್ತು ವರ್ಷದ್ದು ಅಂದರೆ ಯಾರಾದರೂ ನಂಬುತ್ತಾರೆ.

ಮೇಜಿನ ಮೇಲಿದೆ. ಇನ್ನೂ ಮೂಲೆಗೆ ಇಟ್ಟಿಲ್ಲ. ಸೋಮವಾರ ಇಡುತ್ತೇನೆ.


೧೧ ಸೆಪ್ಟೆಂಬರ್, ಸೋಮವಾರ

ಇಡಲಿಲ್ಲ.


೧೨ ಸೆಪ್ಟೆಂಬರ್, ಮಂಗಳವಾರ

ಇವತ್ತೂ ಇಡಲಿಲ್ಲ. ಏಳನೇ ನಂಬರನ್ನು ಮೇಜಿನ ಮೇಲೆ ಹರಡಿ ಕತ್ತರಿ ಹಿಡಿದು ಕೂತೆ. ಯಾರೋ ಕೈ ಹಿಡಿದ ಹಾಗೆ, ಅಂತೆಲ್ಲ ಬರೆಯಲಾರೆ. ಯಾರೂ ಹಿಡಿಯಲಿಲ್ಲ. ಮೊದಲನೇ ಸಲ ಅವಳನ್ನು ಕೇಳದೆ ಬಿಚ್ಚಿದ್ದೆ. ಎರಡನೇ ಸಲ ಕೇಳದೆ ಬಿಚ್ಚಲು ಹೊರಟಿದ್ದೇನೆ. ಅಷ್ಟೇ.

ನಾಳೆ ಮೊದಲ ಬಸ್ಸು.


೧೩ ಸೆಪ್ಟೆಂಬರ್, ಬುಧವಾರ. ಬೆಳುಗುಪ್ಪ, ಬಸ್ ನಿಲ್ಲುವ ಕಟ್ಟೆ. ಮಧ್ಯಾಹ್ನ ೩.೪೦

ಬರೆದುಬಿಡಬೇಕು. ಬಸ್ಸಿಗೆ ಇನ್ನೂ ಹೊತ್ತಿದೆ.

ಕಲ್ಯಾಣದುರ್ಗದಲ್ಲಿ ಇಳಿದಾಗ ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನ್ ಮಾಡಿದೆ. ಮೀಟಿಂಗಿನ ದಿನ ಗೊತ್ತಾಗಿದೆ. ಬೆಳುಗುಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಟನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಚೌಡಕ್ಕ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮಣೆ ಹಾಕಿದಳು. ಇಲ್ಲೂ ಕೂರಲಿಲ್ಲ. ಹೇಗೆ ಹೇಳುವುದು ತಿಳಿಯದೆ ಮೊದಲು ಗಂಟನ್ನು ಅವಳ ಅಂಗೈಗೆ ಇಟ್ಟೆ. ಯಾಕೆ ಹಾಗೆ ಮಾಡಿದೆ? ನಂಬಲಿ ಅಂತ. ಇನ್ನೂ ಆಸೆ ಇತ್ತು. ಬರೆಯಲೇಬೇಕು, ಇತ್ತು.

ತಿರುಗಿಸಿ ನೋಡಿದಳು. ಅಂಚು ಮುಟ್ಟಿದಳು. ಕಣ್ಣು ತುಂಬಿತು. ಆಮೇಲೆ ಮೂಗಿನ ಹತ್ತಿರ ಹಿಡಿದಳು.

“ಟೀ ವಾಸ್ನೆ ಬತ್ತೈತೆ” ಅಂದಳು.

ಎಲ್ಲ ಹೇಳಿದೆ. ಬಿಚ್ಚಿದ್ದು, ಎಸೆದದ್ದು, ದಿಂಬು, ಕುದಿಸಿದ್ದು. ಅವಳು ಕೇಳುತ್ತ ಬೀಜ ತೆಗೆಯುತ್ತಲೇ ಇದ್ದಳು. ಪಟ್, ಪಟ್ ಅಂತ ಮೊರಕ್ಕೆ. ಮೂಲೆ ಬಿಚ್ಚಿದ್ದಕ್ಕೆ ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಅದರ ಮಾತೇ ಎತ್ತಲಿಲ್ಲ.

“ಆ ಯಪ್ಪ ಚೀಟಿ ಬಿಸಾಕ್ದ. ನೀನು ಗಂಟು ಬಿಸಾಕ್ದೆ. ಇದ್ಯಾರ್ದು ಅಂತ ಇಬ್ರೂ ಒಂದ್ ಮಾತ್ ಕೇಳ್ನಿಲ್ಲ. ಅವನ್ ಮ್ಯಾಲೆ ಕೂಗ್ತೀಯಲ್ಲ ಪದ್ಮಲತಾ, ನಿನ್ ಮ್ಯಾಲೆ ಯಾರ್ ಕೂಗ್ಬೇಕು?”

ಇಪ್ಪತ್ತು ವರ್ಷದಲ್ಲಿ ನನಗೆ ಈ ಮಾತು ಯಾವ ಪೊಲೀಸೂ ಅಂದಿಲ್ಲ, ಯಾವ ಸಾರಾಯಿ ಕಂಟ್ರಾಕ್ಟರೂ ಅಂದಿಲ್ಲ.

ಮೀಟಿಂಗಿಗೆ ಬರುವುದು ಬೇಡ, ನಿನ್ನ ಕೌದಿಯನ್ನು ಬೇರೆ ಏನಾದರೂ ಮಾಡಿ ತರುತ್ತೇನೆ ಅಂದೆ. ಅದಕ್ಕೆ ಮಾತ್ರ ಸಿಟ್ಟು ಬಂತು ಅವಳಿಗೆ. ಮೊರ ಪಕ್ಕಕ್ಕೆ ತಳ್ಳಿದಳು.

“ನಾನೂ ಬತ್ತೀನಿ. ನನ್ ಮೂಲೆ ಮೊದ್ಲು ಬಿಚ್ಚಿ. ಖಾಲಿ ಮಾಡಿದ್ ಯಾರು ಅಂತ ನೀನ್ ಎದ್ದು ಹೇಳು, ಎಲ್ರ ಮುಂದೆ. ಆಮ್ಯಾಕೆ ಆ ಯಪ್ಪನ್ನ ಕುರ್ಚಿ ಬಿಟ್ಟು ಏಳ್ಸು. ಆ ನಾಕು ದಿಂಬೂ ಅಲ್ಲೇ ಬಿಚ್ಚಾನ.”

ಸಿಗದಿದ್ದರೆ ಅಂತ ಕೇಳಿದೆ. ಸಿಕ್ಕಿದರೂ ಸಿಗದಿದ್ದರೂ ಹೇಳುವ ಮಾತು ಹೇಳಬೇಕು ತಾನೇ ಅಂದಳು. ನಾನು ಕುದಿಸಿದ ಗಂಟನ್ನು ವಾಪಸ್ ಕೊಡಲಿಲ್ಲ. ಸೆರಗಿಗೆ ಕಟ್ಟಿಕೊಂಡಳು. ಯಾಕೆ ಅಂತ ಕೇಳಲಿಲ್ಲ. ಆಮೇಲೆ ಊಟ ಮಾಡು ಅಂದಳು. ಮಾಡಿದೆ.

ಕಟ್ಟೆಯವರೆಗೆ ಬರಲಿಲ್ಲ ಈ ಸಲ.

ಸಾರು ಸಹಿ ಹಾಕಿ ಕೊಟ್ಟ ಬರಹ ನನ್ನ ಚೀಲದಲ್ಲಿದೆ. ಕತ್ತರಿಯೂ ಇದೆ. ಈ ನೋಟ್‌ಬುಕ್ಕನ್ನೂ ಒಯ್ಯುತ್ತೇನೆ, ಹದಿನೇಳನೇ ತಾರೀಖಿನ ಪುಟ ಓದುತ್ತೇನೆ. ಏನಿತ್ತು, ಎಷ್ಟಿತ್ತು, ಯಾವ ದಿನ ಎಸೆದೆ, ಎಲ್ಲ ಇದೆ. ಚೌಡಕ್ಕ ಹೇಳಿದ್ದೂ ನಾನು ಬರೆದದ್ದೂ ಒಂದೇ. ಅವನಿಗೆ ಪ್ರೂಫ್ ಬೇಕಿತ್ತಲ್ಲ. ನಂಬುತ್ತಾನೋ ಇಲ್ಲವೋ ಗೊತ್ತಿಲ್ಲ. ಹನ್ನೊಂದು ಜನ ನನ್ನ ಮುಖ ಹೇಗೆ ನೋಡುತ್ತಾರೋ, ಅದೂ ಗೊತ್ತಿಲ್ಲ. ಮೊದಲ ಮಾತು ಹೇಗೆ ಶುರು ಮಾಡೋದು... ‘ಏಳನೇ ನಂಬರು’ ಅಂತ ಅಲ್ಲ. ಬೆಳುಗುಪ್ಪದ ಚೌಡಕ್ಕನ ಕೌದಿಯ ಮೂಲೆ ಬಿಚ್ಚಿದವಳು—

ಬಸ್ಸು ಬಂತು. ಮೀಟಿಂಗು ಸೋಮವಾರ, ಹದಿನೆಂಟು, ಬೆಳಗ್ಗೆ ಹತ್ತೂವರೆಗೆ.