ಒಂಟಿ ಬೂಟಿನ ರೇಟು

ಜೂನ್ 2, ಭಾನುವಾರ, ಸಂಜೆ

ಆಟ ಮುಗಿಸಿ ಬಂದೆ. ಗಂಟಲು ಕಟ್ಟಿದೆ. ಇವತ್ತು ಒಂದು ಬೇತಾಳ, ಇಬ್ಬರು ಕಾವಲಿನವರು, ಒಬ್ಬ ಮುದುಕ ವ್ಯಾಪಾರಿ — ಎಲ್ಲರ ದನಿಯೂ ನನ್ನದೇ. ಮೇಜಿನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟಿ ಆಡುವ ಆಟ, ಆಡಿಸುವವಳ ಹಣೆಬರಹ ಇದು. ಉಳಿದ ಮೂವರಿಗೆ ಒಂದೊಂದು ವೇಷ, ಒಂದೊಂದು ದಾಳ. ದಾಳ ಬಿದ್ದ ಹಾಗೆ ಬದುಕುತ್ತಾರೆ, ಇಲ್ಲ ಸಾಯುತ್ತಾರೆ. ಮಿಕ್ಕ ಲೋಕವೆಲ್ಲ ನನ್ನ ತಲೆ ಮೇಲೆ.

ನಮ್ಮ ಗೆಳತಿ ಪಟಾಕಿ (ಬಾಯಿ ಹಾಗಿದೆ, ಅದಕ್ಕೇ ಆ ಹೆಸರು) ತನ್ನ ಮಾಟಗಾತಿ ವೇಷಕ್ಕೆ ಒಂದು ಕೊಡೆ ಕೇಳಿದಳು. ಬಿಡಿಸಿದರೆ ಹಿಡಿದವಳು ಮಾಯ. ಅಂಥದ್ದು ಆಟದ ನಿಯಮದ ಪುಸ್ತಕದಲ್ಲಿಲ್ಲ. ಐದು ಸಾವಿರ ಹೊನ್ನು ಅಂದೆ.

"ಹಗಲುದರೋಡೆ ಕಣಕ್ಕ ಇದು!"

"ಬೇಕಾದ್ರೆ ತಗೋ. ಇಲ್ಲಾಂದ್ರೆ ಮಳೇಲಿ ನೆನಿ" ಅಂದ ನನ್ನ ವ್ಯಾಪಾರಿ. ಪಟಾಕಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಚುಚ್ಚುವುದು ಅವಳಿಗೆ ಅಭ್ಯಾಸ, ಚುಚ್ಚಿಸಿಕೊಳ್ಳುವುದಲ್ಲ.

ತಮ್ಮ ಬಂದಿದ್ದ. ವ್ಯಾನ್ ಮಗುಚಿ ಎಡಗಾಲು ಹೋದ ಮೇಲೆ ಇದೇ ಮೊದಲ ಸಲ. ಊರುಗೋಲನ್ನು ಮೇಜಿಗೆ ಒರಗಿಸಿದ. ನಾವೆಲ್ಲ ಕಷ್ಟಪಟ್ಟು ಬೇರೆ ಕಡೆ ನೋಡಿದೆವು. ಅವನ ವೇಷ ಕಳ್ಳನದು, ಚಿರತೆ ಹಾಗೆ ಓಡುವವನು. ಆ ಕಳ್ಳನನ್ನು ಇವತ್ತು ಕುದುರೆ ಕಾಯಲು ಬಿಟ್ಟು ಸುಮ್ಮನೆ ಕೂತ. ದಾಳ ಮುಟ್ಟಲಿಲ್ಲ. ಇನ್ನು ಬರುತ್ತಾನೋ ಇಲ್ಲವೋ...

ಜೂನ್ 9, ಭಾನುವಾರ, ಸಂಜೆ

ಬಂದ! ಬಂದವನೇ ಒಂದು ಬಾಂಬ್ ಹಾಕಿದ.

"ಅಕ್ಕ, ಇನ್ಮೇಲೆ ನನ್ನ ಕಳ್ಳನಿಗೂ ಎಡಗಾಲಿಲ್ಲ."

ಕಟಿಂಗ್ ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. (ಅವರ ಟೈಲರ್ ಅಂಗಡಿಯಲ್ಲೇ ನನ್ನ ಕೆಲಸ, ಅಲ್ಲೇ ಆಟ. ಬಟ್ಟೆ ಕತ್ತರಿಸುವ ಮೇಜಿನಷ್ಟು ದೊಡ್ಡ ಮೇಜು ಬೇರೆ ಯಾರ ಮನೆಯಲ್ಲಿದೆ?)

"ಗೋಡೆ ಮೇಲೆ ಓಡೋ ಮಂತ್ರದ ಬೂಟು ಬೇಕು" ಅಂದ ತಮ್ಮ. "ಬಲಗಾಲಿಗೆ. ಒಂದೇ. ಎಷ್ಟಾಗುತ್ತೆ?"

ಜೋಡಿಗೆ ಎಂಟು ಸಾವಿರ ಅಂತ ಪುಸ್ತಕದಲ್ಲಿದೆ. ಒಂಟಿ ಬೂಟಿಗೆ ಇಲ್ಲ. "ಮುಂದಿನ ವಾರ ಹೇಳ್ತೀನಿ ಕಣೋ" ಅಂದೆ.

"ಕೊಡೆ ರೇಟು ನಿಂತ ನಿಲುವಲ್ಲೇ ಹೇಳಿದ್ಯಲ್ಲ?" ಅಂತ ನಕ್ಕ. ನಕ್ಕನೋ, ಸುಮ್ಮನೆ ಹಲ್ಲು ತೋರಿಸಿದನೋ. ತಿಳಿಯಲಿಲ್ಲ.

ಜೂನ್ 12

ನಿದ್ದೆ ಇಲ್ಲ. ಹೆಚ್ಚು ಹೇಳಿದರೆ ಅವನ ಕೈಗೆ ಎಟುಕಲ್ಲ. ಕಳ್ಳನ ಚೀಲದಲ್ಲಿರುವುದೇ ಮೂರು ಸಾವಿರ. ಎದ್ದು ಹೋದರೆ? ಕಮ್ಮಿ ಹೇಳಿದರೆ ಕನಿಕರ ಅಂದುಕೊಳ್ಳುತ್ತಾನೆ. ಆಗಲೂ ಹೋಗುತ್ತಾನೆ. ವರ್ಷದಿಂದ ಮನೆಯೊಳಗೇ ಕೂತು ಮಿಕ್ಸರ್ ರಿಪೇರಿ ಮಾಡಿಕೊಂಡಿರುವವನು. ಭಾನುವಾರದ ಈ ಒಂದು ಬಾಗಿಲು ತೆರೆದಿದೆ. ಅದನ್ನು ನಾನೇ ಮುಚ್ಚಿದರೆ...

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೆ ಬೇಕಿತ್ತು.

ಮಾಸ್ಟರನ್ನು ಕೇಳಿದೆ. "ಅರ್ಧ ಸಾಮಾನು, ಅರ್ಧ ರೇಟು. ಇದಕ್ಕೂ ತಲೆ ಕೆಡಿಸ್ಕೋತೀಯಾ? ಕಾಜಾ ಹೊಲಿಯಮ್ಮ" ಅಂದರು. ನಾನು ಅದಾಗಲೇ ಒಂದು ಅಂಗಿಗೆ ಗುಂಡಿ ಇರಬೇಕಾದ ಕಡೆಯೂ ಕಾಜಾ ಹೊಲಿದಿದ್ದೆ. ತೂತಿಗೆ ತೂತು ಎದುರಾಗಿ ನಿಂತಿತ್ತು.

ಪಟಾಕಿ ಫೋನಿನಲ್ಲಿ ಪುಸ್ತಕ ಓದಿ ಹೇಳಿದಳು. ಹೊಸ ಸಾಮಾನಾದರೆ ಅದನ್ನೇ ಹೋಲುವ ಹಳೇ ಸಾಮಾನಿನ ಬೆಲೆ ನೋಡು, ಆಮೇಲೆ ನಿನ್ನ ವಿವೇಕ ಬಳಸು ಅಂತ ಇದೆಯಂತೆ. ವಿವೇಕ! ಅದಿದ್ದಿದ್ದರೆ ಪುಸ್ತಕ ಯಾಕೆ ಕೇಳುತ್ತಿದ್ದೆ.

ಜೂನ್ 16, ಭಾನುವಾರ

ಎಲ್ಲ ಹಾಳಾಯಿತು.

ಬೆಳಿಗ್ಗೆ ಒಂದು ಚೀಟಿ ಬರೆದಿದ್ದೆ. ಮೇಲೆ "ಜೋಡಿ ಬೆಲೆ 8000". ಕೆಳಗೆ "ಕಾಲು ಬೆಲೆ" ಅಂತ ಬರೆದು ಮುಂದೆ ಖಾಲಿ. ಒಂದು ಕಾಲಿಗೆ ಎಷ್ಟು ಅಂತ ಹೊಳೆದ ಮೇಲೆ ತುಂಬೋಣ ಅಂತ. ಹೊಳೆಯಲಿಲ್ಲ. ಚೀಟಿ ಮೇಜಿನ ಮೇಲೇ ಇತ್ತು. ಮಾಸ್ಟರ್ ಎತ್ತಿಕೊಂಡು ಜೋರಾಗಿ ಓದಿಬಿಟ್ಟರು.

"ಕಾಲು ಬೆಲೆ... ಎಂಟರಲ್ಲಿ ಕಾಲು ಭಾಗ ಅಂದ್ರೆ ಎರಡು ಸಾವಿರ! ಹೊಡೆದೆ ಕಣಯ್ಯ ಲಾಟರಿ!"

"ನನ್ನ ಕೊಡೆಗೆ ಐದು, ಇವನ ಬೂಟಿಗೆ ಎರ—" ಪಟಾಕಿ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. ಅವಳು ನಿಲ್ಲಿಸಿದ್ದೇ ತಪ್ಪಾಯಿತು. ಪೂರ್ತಿ ಕೂಗಿದ್ದರೆ ಚೆನ್ನಾಗಿತ್ತು.

ತಮ್ಮನ ಮುಖ ಕೆಂಪಾಯಿತು. "ಮುಕ್ಕಾಲು ಭಾಗ ಯಾಕಕ್ಕ ಬಿಟ್ಟೆ? ಕಾಲಿಲ್ಲದವನು ಪಾಪ ಅಂತಲಾ?"

"ಅದು ಕಾಲಲ್ಲ ಕಣೋ..." ಅಂದೆ. "ಕಾಲು!"

ನನ್ನ ಕಿವಿಗೇ ಎರಡೂ ಒಂದೇ ಥರ ಕೇಳಿಸಿತು. ಕೈಯಲ್ಲಿ ನನ್ನ ಕಾಲು ತೋರಿಸಿದೆ. ಅದು ಇನ್ನೂ ಕೆಟ್ಟದಾಯಿತು.

ಊರುಗೋಲು ತೆಗೆದುಕೊಂಡ. ಹೊರಟ. ಬಾಗಿಲ ಹತ್ತಿರ ಮಾಸ್ಟರ್ ಕೈ ಹಿಡಿಯಲು ಹೋದರು. ಕೊಡಲಿಲ್ಲ.

ಜೂನ್ 23, ಭಾನುವಾರ

ಆಟ ಇಲ್ಲ. ಫೋನ್ ಎತ್ತುತ್ತಿಲ್ಲ.

ಜೂನ್ 25, ಮಂಗಳವಾರ

ಕೆಡದ ಮಿಕ್ಸರನ್ನು ಚೀಲಕ್ಕೆ ಹಾಕಿಕೊಂಡು ತಮ್ಮನ ಮನೆಗೆ ಹೋದೆ. ಬಾಗಿಲು ತೆರೆದ. ಮಿಕ್ಸರ್ ತಿರುಗಿಸಿ ನೋಡಿದ.

"ಇದಕ್ಕೇನಾಗಿದೆ?"

"ಏನೋ ಸದ್ದು ಬರುತ್ತೆ."

"ಮಿಕ್ಸರ್ ಅಂದ್ಮೇಲೆ ಬರದೆ ಇರುತ್ತಾ?" ಆದರೂ ಬಿಚ್ಚಿದ. ಬಿಚ್ಚುತ್ತಿರುವಾಗ ಚೀಟಿಯ ಕಥೆಯೆಲ್ಲ ಒದರಿದೆ. ಒಂದೇ ಉಸಿರಿಗೆ. ತಲೆ ಎತ್ತದೆ ಕೇಳಿದ.

"ನಿನ್ನ ಬರವಣಿಗೆ ನನಗೊತ್ತಿಲ್ವಾ? ಹೊಸಿಲು ದಾಟೋ ಹೊತ್ತಿಗೇ ಅರ್ಥ ಆಗಿತ್ತು."

"ಮತ್ತೆ ಯಾಕೋ ಫೋನ್ ಎತ್ತಲಿಲ್ಲ?"

ಸ್ಕ್ರೂ ತಿರುಗಿಸುವುದು ನಿಲ್ಲಿಸಿದ. "ಆ ಖಾಲಿ ಜಾಗ ಇತ್ತಲ್ಲ, ಅದಕ್ಕೆ. ಪಟಾಕಿ ಕೇಳಿದ್ರೆ ಬಾಯಿಗೆ ಬಂದ ರೇಟು. ನಾನು ಕೇಳಿದ್ರೆ ವಾರ ಯೋಚನೆ. ಎರಡು ಸಾವಿರ ಅಂತ ನಿಜವಾಗ್ಲೂ ಬರೆದಿದ್ರೂ ಜಗಳ ಆಡಿ ಮರೀತಿದ್ದೆ ಅಕ್ಕ."

ಮಿಕ್ಸರ್ ಜೋಡಿಸಿ ಕೊಟ್ಟ. ಕೆಟ್ಟಿರಲಿಲ್ಲವಲ್ಲ. ಈಗ ನಿಜವಾಗಿಯೂ ಸದ್ದು ಬರುತ್ತಿದೆ.

ಜೂನ್ 27, ಬೆಳಿಗ್ಗೆ

ಬಸ್ಸಿಗೆ ಕಾಯುತ್ತಾ ಇದೇ ಯೋಚನೆ. ಕೊಡೆಗೆ ಐದು ಸಾವಿರ ಅಂದದ್ದು ಯಾಕೆ? ಅದೊಂದು ಸಿಕ್ಕರೆ ಪಟಾಕಿ ನನ್ನ ಕಾವಲಿನವರನ್ನೆಲ್ಲ ಕುರುಡು ಮಾಡಿ ದಾಟಿಬಿಡುತ್ತಾಳೆ. ನನಗೆ ಆಗುವ ನಷ್ಟ ಲೆಕ್ಕ ಹಾಕಿ ಹೇಳಿದ್ದೆ. ಬೂಟಿನಿಂದ ನನಗೇನು ನಷ್ಟ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಬೂಟು ನೋಡಲೇ ಇಲ್ಲ ನಾನು. ಕಾಲನ್ನೇ ನೋಡುತ್ತಿದ್ದೆ.

ಈಗ ನೋಡಿದೆ. ಅಯ್ಯೋ! ನನ್ನ ಕೋಟೆ! ಏಳು ಸುತ್ತಿನ ಗೋಡೆ, ಬಾಗಿಲಿಗೊಂದು ರಾಕ್ಷಸ. ಮಳೆಗಾಲ ಪೂರ್ತಿ ಆಡಲಿ ಅಂತ ಕಟ್ಟಿದ್ದು. ಈ ಕಳ್ಳ ಗೋಡೆ ಮೇಲೆ ಕುಪ್ಪಳಿಸಿಕೊಂಡು ಒಂದೇ ಮಧ್ಯಾಹ್ನದಲ್ಲಿ ಮೇಲಿರುತ್ತಾನೆ. ಅದೂ ಜೋಡಿಯ ಶಕ್ತಿಯನ್ನೆಲ್ಲ ಒಂದಕ್ಕೇ ತುಂಬಬೇಕು. ಎಂಟಕ್ಕೆ ಯಾವಳು ಮಾಡಿಕೊಡುತ್ತಾಳೆ?

ಹನ್ನೊಂದು ಸಾವಿರ.

ಬಸ್ ಬಂತು. ಹತ್ತಲಿಲ್ಲ. ಬೂಟು ಮಾಡುವ ಒಬ್ಬ ಮುದುಕಿಯನ್ನು ಹೊಸದಾಗಿ ಹುಟ್ಟಿಸಿ, ಅವಳ ದನಿ ತೆಗೆದು ಅವನ ಫೋನಿಗೆ ರೆಕಾರ್ಡ್ ಮಾಡಿ ಕಳಿಸಿದೆ. "ಹನ್ನೊಂದು ಸಾವಿರ ಕಣೋ ಕಳ್ಳ. ಇದ್ರೆ ಬಾ. ಇಲ್ದಿದ್ರೆ ಅಂಗಡಿ ಮುಂದೆ ಸುಳೀಬೇಡ." ಪಕ್ಕದಲ್ಲಿ ನಿಂತಿದ್ದವರು ಸ್ವಲ್ಪ ದೂರ ಸರಿದರು.

ಕಳಿಸಿದ ಮೇಲೆ ಅಳಿಸಿಬಿಡಲಾ ಅಂದುಕೊಂಡೆ. ಅಷ್ಟರಲ್ಲಿ ಕೇಳಿಬಿಟ್ಟಿದ್ದ.

ಜೂನ್ 28

ಉತ್ತರ ಇಲ್ಲ. ಹನ್ನೊಂದು ಹೆಚ್ಚಾಯಿತು. ಹತ್ತು ಅನ್ನಬೇಕಿತ್ತು. ಹತ್ತೂ ಹೆಚ್ಚೇ...

ಅದೇ ದಿನ, ಮಧ್ಯಾಹ್ನ

ಅಂಗಡಿಗೇ ಫೋನ್ ಮಾಡಿ, ಬೂಟಿನ ಮುದುಕಿ ಇದ್ದಾಳಾ ಅಂತ ಕೇಳಿದ ತಮ್ಮ. ಮಾಸ್ಟರ್ ಎತ್ತಿದರು. "ಯಾವ ಮುದುಕಿ? ಇಲ್ಲಿ ಯಾವ ಮುದುಕೀನೂ ಇಲ್ಲಪ್ಪ" ಅಂತ ಇಟ್ಟುಬಿಟ್ಟರು!

ಜೂನ್ 30, ಭಾನುವಾರ, ಟೀ ಹೊತ್ತು

ಹಿಂದಿನ ಕೋಣೆಯಲ್ಲಿ, ಬಟ್ಟೆ ಥಾನುಗಳ ಮಧ್ಯೆ ಕೂತು ಬರೆಯುತ್ತಿದ್ದೇನೆ. ಟೀ ಕುಡಿದು ಬರುತ್ತೇನೆ ಅಂತ ಎದ್ದು ಬಂದೆ.

ಬಂದಿದ್ದಾನೆ. ಕೂತದ್ದೇ ಶುರು.

"ಅಜ್ಜಿ, ಹನ್ನೊಂದು ಸಾವಿರಕ್ಕೆ ನಿನ್ನ ಅಂಗಡೀನೇ ಬರುತ್ತೆ."

"ಅಂಗಡಿ ಹಾಕ್ಕೊಂಡು ಗೋಡೆ ಹತ್ತು ಹೋಗು."

"ಮೂರು ಸಾವಿರ ತಗೋ. ಜೊತೆಗೆ ಒಂದು ಕುದುರೆ ಕೊಡ್ತೀನಿ."

"ಕುದುರೆ ನಂದು!" ಪಟಾಕಿ ಎದ್ದು ನಿಂತಳು. "ಕಾಯೋಕೆ ಬಿಟ್ರೆ ಮಾರೋಕೆ ಹೊರಟ ನೋಡಿ!"

ಆಮೇಲೆ ತಮ್ಮ ಮುಖ ಸಣ್ಣಗೆ ಮಾಡಿಕೊಂಡ. ದನಿ ಎಳೆದ. "ಒಂದೇ ಕಾಲಿನವನು ಅಜ್ಜಿ... ಸ್ವಲ್ಪ ಕರುಣೆ ತೋರಿಸು..."

ಮಾಸ್ಟರ್ ಮೇಜನ್ನೇ ನೋಡುತ್ತಾ ಕೂತರು. ನಾನು ಹೆದರಿದೆ. ಆದರೆ ಮುದುಕಿ ಹೆದರಲಿಲ್ಲ.

"ಕರುಣೆ ಪಕ್ಕದ ಅಂಗಡೀಲಿ ಸಿಗುತ್ತೆ. ಇಲ್ಲಿ ಬರೀ ಬೂಟು."

ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಹಲ್ಲು ತೋರಿಸಿದ್ದಲ್ಲ, ನಕ್ಕಿದ್ದು. "ಪಾಪಿ ಮುದುಕಿ!" ಅಂತ ಮೇಜು ಗುದ್ದಿ ದಾಳ ಕೈಗೆತ್ತಿಕೊಂಡ. ಚೌಕಾಸಿಗೂ ದಾಳ ಹಾಕುತ್ತಾನಂತೆ. ಹಾಕಿದ. ಚೆನ್ನಾಗಿಯೇ ಬಿತ್ತು. ಹತ್ತೂವರೆ ಸಾವಿರಕ್ಕೆ ಇಳಿಯಬೇಕಾಯಿತು.

ಇನ್ನು ಒಂದು ಹೊನ್ನೂ ಇಳಿಯಬಾರದು. ದಾಳಕ್ಕೆ ಸೋತು ಇಳಿದರೆ ಸರಿ, ಸುಮ್ಮನೆ ಇಳಿಯಕೂಡದು. ಆದರೆ ನನ್ನ ಮುಖದ ಮೇಲೆ ನನಗೆ ನಂಬಿಕೆಯಿಲ್ಲ. ಅವನು ಇನ್ನೊಂದು ಸಲ ಹಾಗೆ ನಕ್ಕರೆ ಬೂಟನ್ನು ಪುಕ್ಕಟೆ ಕೊಟ್ಟುಬಿಡುತ್ತೇನೇನೋ ಅಂತ ಭಯ.

ಕೂಗುತ್ತಿದ್ದಾನೆ. "ಅಜ್ಜೀ! ಟೀ ಕುಡಿದದ್ದು ಸಾಕು, ಬಾ ಹೊರಗೆ!"

ಮೊದಲು ಮುಖ ಗಂಟು ಹಾಕಿಕೊಳ್ಳಬೇಕು. ಆಮೇಲೆ ಹೋಗಿ ಕೂತು, ಸೊಂಟದ ಮೇಲೆ ಕೈ ಇಟ್ಟು, ಆ ಕಳ್ಳನಿಗೆ—