ಮಾವನ ಮೈಗೆ ತಾಗದ ಸಗಣಿ

ಅಕ್ಟೋಬರ್ 17, ಬಸ್ಸಿನಲ್ಲಿ
ಸೀಟು ಸಿಕ್ಕಿತು. ಇವತ್ತಿನ ಪುಣ್ಯ ಅದೊಂದೇ. ಡಿಬೇಟಿಗೆ ಚೀಟಿ ಎತ್ತಿಸಿದರು ಜುವಾಲಜಿಯ ಪ್ರಮೀಳಾ ಮೇಡಂ. ವಿಷಯ: ಜೀವವಿಕಾಸಕ್ಕೆ ನೈಸರ್ಗಿಕ ಆಯ್ಕೆ ಒಂದೇ ಸಾಕೇ? ‘ಸಾಕು’ ಕಡೆ ಗೆಳತಿ ಅರ್ಚನಗೆ. ನನಗೆ ‘ಸಾಲದು’! ತಕ್ಕದ್ದು ಉಳಿಯುತ್ತದೆ, ತಕ್ಕದ್ದಲ್ಲದ್ದು ಅಳಿಯುತ್ತದೆ — ಇನ್ನೇನು ಬೇಕಂತೆ? ಬದಲಾಯಿಸಿ ಅಂತ ಗೋಗರೆದೆ. ಕೇಳಲಿಲ್ಲ. ಹೋದ ವರ್ಷ ಸ್ಟೇಜ್ ಹತ್ತಿ ಒಂದು ಮಾತೂ ಹೊರಡದೆ ಇಳಿದು ಬಂದವಳು ನಾನು. ಈ ಸಲ ನಂಬದ ಮಾತನ್ನು ಹೇಗೆ ಆಡಲಿ...

ಅಕ್ಟೋಬರ್ 20
ದೀಪಾವಳಿ. ಕಜ್ಜಾಯ ತಿಂದದ್ದೇ ಬಂತು. ಏನೂ ಹೊಳೆದಿಲ್ಲ.

ಅಕ್ಟೋಬರ್ 23, ಸಂಜೆ
ಹೊಳೆಯಿತು! ಹೊಳೆಯಿತು! ಅವಸರಕ್ಕೆ ಅಕ್ಷರವೆಲ್ಲ ಅಡ್ಡಾದಿಡ್ಡಿ.

ಗುಮಟಾಪುರ, ಮಾವನ ಮನೆ. ಗೊರೆಹಬ್ಬ. ಗುಡಿ ಹಿಂದೆ ಸಗಣಿ ಗುಡ್ಡೆ, ಗಂಡಸರೆಲ್ಲ ಉಂಡೆ ಕಟ್ಟಿ ಎರಚಾಟ. ನಾವು ಹೆಂಗಸರು ತಾರಸಿ ಮೇಲೆ. ಅಣ್ಣ ಸ್ವಾಮಿ ಕಬಡ್ಡಿ ಆಟಗಾರ, ಚಿಗರೆ ಹಾಗೆ ಜಿಗಿಯುತ್ತಾನೆ. ಯಾರಿಗೋ ಎಸೆದ ಉಂಡೆ ಮೊದಲು ಅವನ ಮೂತಿಗೇ! ಪುಟ್ಟಬಸಪ್ಪ ಮಾವ ಹೊಟ್ಟೆ ಹೊತ್ತು ನಿಂತಲ್ಲೇ ನಿಂತಿದ್ದರು. ಮನೆಗೆ ಬಂದಾಗ ಮೈ ಮೇಲೆ ಒಂದು ಚುಕ್ಕಿ ಇಲ್ಲ.

“ಎಂಗ್ ಮಾವ?” ಅಂದೆ.

“ನನ್ ಒಟ್ಟೆ ನೋಡ್ಬುಟ್ಟು ಸಗಣಿಯೇ ಎದ್ರ್ಕತು ಕಣಮ್ಮಿ!”

ಅತ್ತೆ ಬಿಡಲಿಲ್ಲ. “ಓದ್ ವರ್ಸ ಅದೇ ಒಟ್ಟೆಗಲ್ವಾ ಎಲ್ಲಾ ಬಿದ್ದಿದ್ದು?”

ಅಯ್ಯೋ, ನಾನೂ ಮಾಡುತ್ತಿದ್ದದ್ದು ಇದೇ! ಯಾವುದು ಉಳಿಯಿತೋ ಅದರ ಗುಣ ಹೊಗಳುವುದು. ಗೆದ್ದೆತ್ತಿನ ಬಾಲ ಹಿಡಿಯುವುದು. ಆಯ್ಕೆ ಸುಳ್ಳಲ್ಲ. ಆದರೆ ಬರೀ ಅದೃಷ್ಟದಿಂದ ಉಳಿದದ್ದೂ ಉಂಟಲ್ಲ! ಜೀವಿಗಳ ಗುಂಪು ಸಣ್ಣದಾದಷ್ಟೂ ಅದೃಷ್ಟದ ಕೈ ದೊಡ್ಡದು. ಕುಣಿಯಬೇಕು ಅನ್ನಿಸುತ್ತಿದೆ.

ಅಕ್ಟೋಬರ್ 24
ಅಮ್ಮ: “ಕಾಲೇಜ್‌ನಲ್ಲಿ ಸಗಣಿ ಮಾತ್ ಎತ್ಬ್ಯಾಡ ಕಣವ್ವ, ನಗ್ತಾರ.” ಗೊತ್ತು. ಕಾಲೇಜು ತಮಿಳುನಾಡಿನದು, ಸಗಣಿಗೆ ತಮಿಳಿನಲ್ಲಿ ‘ಸಾಣಿ’ ಅಂದರೆ ಸಾಕು, ಮುಂದಿನ ಸಾಲು ಬಿದ್ದು ಬಿದ್ದು ನಗುತ್ತದೆ. ಬೇರೆ ಉದಾಹರಣೆ ಹುಡುಕಿದೆ. ಎಲ್ಲವೂ ಸಪ್ಪೆ.

ಅಕ್ಟೋಬರ್ 27, ಹಾಲ್‌ನಲ್ಲಿ
ಅರ್ಚನಗೆ ಗಂಟಲು ಕಟ್ಟಿದೆ. ಮೇಡಂ ಓಡಿ ಬಂದರು. “ರಂಜಿತ, ನೀನೇ ‘ಸಾಕು’ ಕಡೆ ಮಾತಾಡು. ನೀನು ಬೇಡಿದ್ದೂ ಅದೇ ಅಲ್ವಾ? ‘ಸಾಲದು’ ಕಡೆಗೆ ಬೇರೆಯವರನ್ನ ಹಾಕ್ತೀನಿ.”

“ಬೇಡ ಮೇಡಂ!”

ನನ್ನದೇ ದನಿ, ಅಷ್ಟು ಜೋರಾಗಿ! ಹಿಂದಿನ ಬೆಂಚಿನವರೂ ಇತ್ತ ನೋಡಿದರು.

ಮೊದಲ ಮಾತೇ ಸಗಣಿ. ನಗಲಿ. ನಗು ನಿಂತ ಮೇಲೆ ಮಾವನ ಹೊಟ್ಟೆ, ಆಮೇಲೆ —

ನನ್ನ ಹೆಸರು ಕೂಗುತ್ತಿದ್ದಾರೆ. ಆಶ್ಚರ್ಯ, ಈ ಸಲ ಬಾಯಿ ಒಣಗಿಲ್ಲ, ಬಾಯಿ ತುಂಬ ಮಾತು. ಹೊರಟೆ!